ಸೊಲಿಬೊ ಸತ್ತದ್ದು ಹೇಗೆ? ಕೆರಿಬಿಯನ್ ಕಾದಂಬರಿಯ ಕಥೆಗಾರರು ಮತ್ತು ಸರ್ಕಾರದ ಕಾಗದ

ಮಳೆಗಾಲದ ಓದು

ಎಲ್ಲರಿಗೂ ನಮಸ್ಕಾರ. ಹೋದ ವಾರ ಪಾಟ್ರಿಕ್ ಶಾಮುವಾಜೋ ಅವರ ‘ಸೊಲಿಬೊ ಮ್ಯಾಗ್ನಿಫಿಕ್’ ಕಾದಂಬರಿ ಓದಿ ಮುಗಿಸಿದೆ. 1988ರಲ್ಲಿ ಬಂದ ಪುಸ್ತಕ. ನನಗೆ ಫ್ರೆಂಚ್ ಬರುವುದಿಲ್ಲ, ಇಂಗ್ಲಿಷ್ ಅನುವಾದದಲ್ಲಿ ಓದಿದ್ದು. ಪುಸ್ತಕ ಕೆಳಗಿಟ್ಟು ನಾಲ್ಕು ದಿನ ಆಯಿತು, ಇನ್ನೂ ಅದರದೇ ಗುಂಗು. ಮನೆಯಲ್ಲಿ ಯಾರ ಹತ್ತಿರ ಮಾತಾಡಲಿ? ಅದಕ್ಕೇ ಇಲ್ಲಿಗೆ ಬಂದೆ.

ಓದದವರಿಗಾಗಿ ಕಥೆ ಹೇಳಿಬಿಡುತ್ತೇನೆ. ಕೊನೆ ಗೊತ್ತಾದರೆ ಸುಖ ಕೆಡುವಂಥ ಪುಸ್ತಕ ಇದಲ್ಲ. ಕೆರಿಬಿಯನ್ ಸಮುದ್ರದಲ್ಲಿ ಫ್ರಾನ್ಸಿಗೆ ಸೇರಿದ ಮಾರ್ಟಿನಿಕ್ ದ್ವೀಪ, ಅಲ್ಲಿನ ಫೋರ್-ದ-ಫ್ರಾನ್ಸ್ ಪಟ್ಟಣ. ಕಾರ್ನಿವಲ್ ಹಬ್ಬದ ರಾತ್ರಿ. ಸವಾನ್ ಮೈದಾನದ ಹುಣಸೆ ಮರದ ಕೆಳಗೆ ಸೊಲಿಬೊ ಕಥೆ ಹೇಳುತ್ತಿದ್ದಾನೆ. ಪಕ್ಕದಲ್ಲಿ ಡೋಲು ಬಾರಿಸುವ ಸುಸೆತ್. ಸುತ್ತ ಒಂದಿಷ್ಟು ಜನ. ಮಾತಿನ ನಡುವೆ ಸೊಲಿಬೊ ‘ಪತಾತ್ ಸಾ!’ ಎಂದು ಕೂಗಿ ಕುಸಿದು ಬೀಳುತ್ತಾನೆ. ಜನ ಅದೂ ಕಥೆಯದೇ ಭಾಗ ಎಂದುಕೊಂಡು ‘ಪತಾತ್ ಸೀ!’ ಎಂದು ದನಿಗೂಡಿಸುತ್ತಾರೆ. ಆಮೇಲೂ ಕಾಯುತ್ತಾ ಕೂರುತ್ತಾರೆ, ಮುಂದಿನ ಮಾತು ಬರುತ್ತದೆ ಅಂತ. ಮಾತು ಬರುವುದಿಲ್ಲ. ಸೊಲಿಬೊ ಸತ್ತಿದ್ದಾನೆ.

ಅವನಿಗೆ ಏನಾಯಿತು ಅಂತ ಮೊದಲು ಹೇಳುವವನು ಕಾಂಗೋ. ಮರಗೆಣಸು ತುರಿಯುವ ತುರಿಮಣೆ ಮಾಡಿ ಬದುಕುವ ಮುದುಕ. ಮಾತೇ ಅವನ ಗಂಟಲು ಹಿಸುಕಿತು, ಒಳಗಿನಿಂದ, ಎನ್ನುತ್ತಾನೆ. ಆದರೆ ಕಾಂಗೋ ಆಡುವುದು ತುಂಬ ಹಳೆಯ ಕ್ರಿಯೋಲ್, ಅಂದರೆ ಫ್ರೆಂಚ್ ಬೆರೆತು ಬೆಳೆದ ಅಲ್ಲಿನ ಜನರ ಆಡುಮಾತು. ಅರ್ಧ ಅಕ್ಷರ ಬಾಯಲ್ಲೇ ಉಳಿಯುತ್ತದೆ.

ಹಣ್ಣಿನ ಮಿಠಾಯಿ ಮಾರುವ ದುದು-ಮೆನಾರ್ ಎಂಬ ಹೆಂಗಸು ಸಹಾಯ ಕೇಳಲು ಓಡುತ್ತಾಳೆ. ಬರುವುದು ಪೊಲೀಸರು. ಸಾರ್ಜೆಂಟ್ ಬುಆಫೆಸ್‌ಗೆ ಇದು ಕೊಲೆ, ಯಾರೋ ವಿಷ ಹಾಕಿದ್ದಾರೆ. ಕಥೆ ಕೇಳಲು ಕೂತವರೆಲ್ಲ ಈಗ ಆರೋಪಿಗಳು. ದುದು-ಮೆನಾರ್ ಪೆಟ್ಟು ತಿಂದು ಸಾಯುತ್ತಾಳೆ. ಕಾಂಗೋ ಠಾಣೆಯ ಹಿಂಸೆ ತಾಳಲಾರದೆ ಕಿಟಕಿಯಿಂದ ಹಾರಿ ಸಾಯುತ್ತಾನೆ. ಶವಪರೀಕ್ಷೆಯಲ್ಲಿ ವಿಷದ ಸುಳಿವೇ ಸಿಗುವುದಿಲ್ಲ. ಇನ್ಸ್‌ಪೆಕ್ಟರ್ ಪಿಲೋಂ ಓದಿದವನು, ವಿಜ್ಞಾನ ನಂಬಿದವನು. ಎಲ್ಲ ತನಿಖೆ ಮುಗಿಸಿ ಅವನೂ ಬಂದು ನಿಲ್ಲುವುದು ಕಾಂಗೋ ಮೊದಲ ದಿನ ಹೇಳಿದ ಮಾತಿಗೇ.

ನನ್ನನ್ನು ಬಿಡದೆ ಕಾಡುತ್ತಿರುವುದು ಇದು. ಸತ್ಯವನ್ನು ಮೊದಲೇ ಒಬ್ಬ ಹೇಳಿಯಾಗಿತ್ತು. ಅದನ್ನು ಬರೆದುಕೊಳ್ಳುವ ಕಾಗದ ಆ ಠಾಣೆಯಲ್ಲಿ ಇರಲಿಲ್ಲ. ಇಬ್ಬರ ಜೀವ ಹೋಯಿತು.

ಕೆರಿಬಿಯನ್ ಕಥೆಗಳಲ್ಲಿ ಆಳುವವರ ವಿರುದ್ಧದ ಸಿಟ್ಟು ಎಲ್ಲಿದೆ ಅಂತ ಕೇಳಿದರೆ, ಜಾಣ ಮೊಲ ಹುಲಿಯನ್ನು ಮೋಸ ಮಾಡುವುದನ್ನು ತೋರಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಸಿಟ್ಟು ಇರುವುದು ಕಥೆಯ ಒಳಗಲ್ಲ, ಕಥೆ ಹೇಳುವ ರೀತಿಯಲ್ಲಿ. ಒಬ್ಬ ಕೂಗಬೇಕು, ಹತ್ತು ಜನ ಮಾರುತ್ತರ ಕೊಡಬೇಕು. ಅದನ್ನು ಹೇಳಿಕೆ ಅಂತ ಬರೆದುಕೊಳ್ಳಲು ಆಗುವುದಿಲ್ಲ. ನಿಮಗೇನನ್ನಿಸುತ್ತದೆ?

ಹಳೇ ಸ್ಟೆನೋ

ಮೇಡಂ, ಈ ಪುಸ್ತಕ ನಾನು ಮೂರು ವರ್ಷದ ಹಿಂದೆ ಓದಿದ್ದೆ. ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಟೈಪ್ ಮಾಡಿ ನಿವೃತ್ತನಾದವನು ನಾನು. ಹಾಗಾಗಿ ಮೊದಲ ಪುಟದಲ್ಲೇ ಸಿಕ್ಕಿಹಾಕಿಕೊಂಡೆ. ಪುಸ್ತಕ ಶುರುವಾಗುವುದೇ ಪೊಲೀಸ್ ಮಹಜರಿನಿಂದ, ನೆನಪಿದೆಯಲ್ಲ?

ನಮ್ಮಲ್ಲಿ ಒಬ್ಬ ಮುದುಕ ‘ದನ ಮನೆಗೆ ಬರುವ ಹೊತ್ತು, ಇನ್ನೂ ದೀಪ ಹಚ್ಚಿರಲಿಲ್ಲ’ ಎನ್ನುತ್ತಿದ್ದ. ಕಾಗದದ ಮೇಲೆ ಅದು ‘ಸಂಜೆ ಸುಮಾರು 6-30 ಗಂಟೆ’ ಆಗುತ್ತಿತ್ತು. ಟೈಪ್ ಮಾಡುತ್ತಿದ್ದವನು ನಾನೇ. ಸುಳ್ಳೇನೂ ಅಲ್ಲ. ಆದರೆ ಆ ಮನುಷ್ಯ ಅಲ್ಲಿಂದ ಹೊರಗೆ ಹೋಗಿಬಿಟ್ಟಿರುತ್ತಿದ್ದ. ಆಮೇಲೆ ಅದನ್ನು ಓದಿ ಹೇಳಿದಾಗ ಅವನು ಬೇರೆ ಯಾರದೋ ಮಾತು ಕೇಳಿದ ಹಾಗೆ ತಲೆ ಆಡಿಸುತ್ತಿದ್ದ.

ಬುಆಫೆಸ್ ಕಾಂಗೋನಿಗೆ ಹೆಸರು, ವಯಸ್ಸು, ಉದ್ಯೋಗ, ವಾಸ ಕೇಳುವ ಭಾಗ ನನಗೆ ಓದಲಾಗಲಿಲ್ಲ. ಎರಡು ಸಲ ಎದ್ದು ಹೋದೆ. ಆ ಜನರಿಗೆಲ್ಲ ಕರೆಯುವ ಹೆಸರು ಒಂದು, ದಾಖಲೆಯ ಹೆಸರು ಇನ್ನೊಂದು. ದಾಖಲೆಯ ಹೆಸರನ್ನು ಅವರೇ ಮರೆತಿರುತ್ತಾರೆ. ಅದು ಉಪಯೋಗಕ್ಕೆ ಬರುವುದು ಸರ್ಕಾರ ಕರೆದಾಗ ಮಾತ್ರ.

ಜೋಳದರೊಟ್ಟಿ

ಸ್ಟೆನೋ ಸರ್, ನಿಮ್ಮ ಮಾತಿಗೆ ಒಂದು ಸೇರಿಸುತ್ತೇನೆ. ಹೇಳಿಕೆ ಅಂದರೆ ಕೊನೆಗೆ ಸಹಿ ಬೇಕು ಅಲ್ವಾ? ನಾನು ಹೇಳಿದ್ದು, ನಾನೇ ಹೊಣೆ ಅಂತ. ಜಮೈಕಾದಲ್ಲಿ ಅನಾನ್ಸಿ ಜೇಡನ ಕಥೆ ಹೇಳಿ ಮುಗಿಸುವಾಗ ‘ಜ್ಯಾಕ್ ಮಂಡೋರ, ಮಿ ನೊ ಚೂಸ್ ನನ್’ ಎನ್ನುತ್ತಾರೆ. ಈ ಕಥೆ ನಾನು ಆರಿಸಿದ್ದಲ್ಲ, ಇದರ ಹೊಣೆ ನನ್ನ ಮೇಲಿಲ್ಲ ಎಂದು ಅರ್ಥ. ಎಲ್ಲ ಹೇಳಿ, ಕೊನೆಯಲ್ಲಿ ಸಹಿ ಹಾಕದೆ ಎದ್ದು ಹೋಗುವ ರೀತಿ ಅದು. ಕಬ್ಬಿನ ತೋಟದ ಮೇಸ್ತ್ರಿ ಕೇಳಿಸಿಕೊಂಡರೂ ಯಾರನ್ನು ಹಿಡಿಯುತ್ತಾನೆ? ಜೇಡನನ್ನಾ?

ಅನಾನ್ಸಿ ಹುಟ್ಟಿದ್ದು ಈಗಿನ ಘಾನಾದ ಅಕಾನ್ ಜನರಲ್ಲಿ. ಗುಲಾಮರ ಹಡಗಿನಲ್ಲಿ ಬಂದವರಿಗೆ ಗಂಟುಮೂಟೆ ಇರಲಿಲ್ಲ. ಜೇಡ ಬಂದದ್ದು ಬಾಯಲ್ಲಿ.

ದಾರಿಹೋಕ

ಎಲ್ಲರ ಮಾತನ್ನೂ ಗೌರವದಿಂದ ಓದಿದೆ. ಆದರೂ ಒಂದು ತಕರಾರು ಇದೆ, ಹೇಳಲೇಬೇಕು.

ಮಾರ್ಟಿನಿಕ್‌ನ ಕಥೆಗಳಲ್ಲಿ ಬರುವ ‘ಕೊಂಪೇರ್ ಲಾಪಾಂ’, ಅಂದರೆ ಮೊಲಣ್ಣ, ನಿಜವಾಗಲೂ ಬಡವರ ಪಕ್ಷವಾ? ಅವನು ಹುಲಿಗೂ ಮೋಸ ಮಾಡುತ್ತಾನೆ, ತನಗಿಂತ ಬಡಪಾಯಿಗೂ ಮೋಸ ಮಾಡುತ್ತಾನೆ. ಹೈಟಿಯ ಕಥೆಗಳಲ್ಲಿ ಮಾಲಿಸ್ ಕೂಡ ಹಾಗೆಯೇ. ಅವನ ಕೈಯಲ್ಲಿ ದಿನವೂ ಮೋಸ ಹೋಗುವ ಬೂಕಿ ರಾಜನಲ್ಲ, ಪೆದ್ದು ಹಸಿದವನು. ಹಸಿದವನ ಅನ್ನ ಕಸಿಯುವುದು ಯಾವ ಹೋರಾಟ?

ಇನ್ನೊಂದು ವಿಷಯ. ಹೈಟಿಯವರು ಗುಲಾಮಗಿರಿ ಮುರಿದದ್ದು 1791ರಿಂದ 1804ರವರೆಗೆ ಹೋರಾಡಿ, ಫ್ರೆಂಚ್ ಸೈನ್ಯವನ್ನು ಸೋಲಿಸಿ. ಕಥೆ ಹೇಳಿ ಅಲ್ಲ. ತೋಟದ ಯಜಮಾನ ರಾತ್ರಿ ಕಥೆ ಹೇಳಲು ಬಿಡುತ್ತಿದ್ದ ಅಂದರೆ, ಅದರಿಂದ ತನಗೆ ತೊಂದರೆ ಇಲ್ಲ ಅಂತ ಅವನಿಗೆ ಗೊತ್ತಿತ್ತು. ಜನ ನಕ್ಕು ಹಗುರಾಗಿ ಬೆಳಿಗ್ಗೆ ಮತ್ತೆ ಕಬ್ಬು ಕಡಿಯಲು ಬರುತ್ತಿದ್ದರು. ಕಾದಂಬರಿಕಾರರು ನೂರಾರು ವರ್ಷ ಆದಮೇಲೆ ಕೂತು ಆ ಕಥೆಗಾರನನ್ನು ವೀರ ಮಾಡಿದರು ಅನ್ನಿಸುತ್ತದೆ ನನಗೆ.

ಇತಿಹಾಸದ ಮೇಷ್ಟ್ರು

ದಾರಿಹೋಕರೆ, ಮೊಲದ ಬಗ್ಗೆ ನೀವು ಹೇಳಿದ್ದು ಸರಿ. ಆ ಕಥೆಗಳು ನೀತಿಕಥೆಗಳಲ್ಲ. ಹೊಟ್ಟೆ ತುಂಬಿಸಿಕೊಳ್ಳುವುದು ಹೇಗೆ, ಸಿಕ್ಕಿಬೀಳದೆ ಇರುವುದು ಹೇಗೆ, ಅಷ್ಟೇ ಅಲ್ಲಿನ ಪಾಠ. ನೆರೆಯವನನ್ನು ತುಳಿದು ಬದುಕುವುದು ಕೂಡ ಗುಲಾಮಗಿರಿ ಕಲಿಸಿದ ಪಾಠವೇ. ಅದನ್ನು ಆ ಕಥೆಗಳು ಮುಚ್ಚಿಡಲಿಲ್ಲ.

ಆದರೆ ‘ಯಜಮಾನನಿಗೆ ತೊಂದರೆ ಇರಲಿಲ್ಲ’ ಅನ್ನುವುದನ್ನು ಒಪ್ಪುವುದು ಕಷ್ಟ. 1685ರ ಫ್ರೆಂಚ್ ಗುಲಾಮ ಕಾನೂನು, ‘ಕೋಡ್ ನುವಾರ್’, ಅದರ 16ನೇ ಕಲಮು ನೋಡಿ. ಬೇರೆ ಬೇರೆ ಯಜಮಾನರ ಗುಲಾಮರು ಹಗಲಾಗಲಿ ರಾತ್ರಿಯಾಗಲಿ ಒಂದೆಡೆ ಸೇರಕೂಡದು, ಮದುವೆಯ ನೆಪದಲ್ಲೂ ಸೇರಕೂಡದು. ಒಂದೇ ತೋಟದವರು ಕೂತು ಕಥೆ ಕೇಳಿದರೆ ಸಹಿಸುತ್ತಿದ್ದರು, ನಿಜ. ಪಕ್ಕದ ತೋಟದವನೂ ಬಂದು ಕೂತರೆ ಅಪರಾಧ. ಏನು ಹೇಳಿದರು ಅನ್ನುವುದು ಆಮೇಲೆ. ಕೂಡಿದ್ದೇ ತಪ್ಪು.

ಈಗ 1848ಕ್ಕೆ ಬನ್ನಿ. ಫ್ರಾನ್ಸ್ ಏಪ್ರಿಲ್ 27ರಂದು ಗುಲಾಮಗಿರಿ ರದ್ದು ಮಾಡುವ ಆದೇಶಕ್ಕೆ ಸಹಿ ಹಾಕಿತು. ಆ ಕಾಗದ ಹಡಗಿನಲ್ಲಿ ಬರಬೇಕು, ವಾರಗಟ್ಟಲೆ ದಾರಿ. ಮಾರ್ಟಿನಿಕ್‌ನ ಸೇಂಟ್-ಪಿಯೇರ್ ಹತ್ತಿರದ ಒಂದು ತೋಟದಲ್ಲಿ ಮೇ 20ರಂದು ರೊಮೇನ್ ಎಂಬ ಗುಲಾಮನನ್ನು ಹಿಡಿದು ಜೈಲಿಗೆ ಹಾಕಿದರು. ಅವನು ಮಾಡಿದ್ದೇನು ಗೊತ್ತೇ? ಜನ ಕೂಡಿ ಮರಗೆಣಸು ತುರಿಯುವಾಗ ಬೇಡವೆಂದರೂ ಡೋಲು ಬಾರಿಸಿದ. ಆ ಕೆಲಸಕ್ಕೆ ಡೋಲು ಬಾರಿಸುವುದು ಅಲ್ಲಿನ ಹಳೆಯ ರೂಢಿ. ಜನ ಸೇರಿದರು, ಅವನನ್ನು ಬಿಡಿಸಿದರು. ಮೇ 22ರಂದು ಗುಂಡು ಹಾರಿತು, ಹೆಣ ಬಿದ್ದವು, ಸೇಂಟ್-ಪಿಯೇರ್ ಹೊತ್ತಿ ಉರಿಯಿತು. 23ನೇ ತಾರೀಕು ಗವರ್ನರ್ ಗುಲಾಮಗಿರಿ ಮುಗಿಯಿತು ಎಂದು ಸಾರಬೇಕಾಯಿತು. ಪ್ಯಾರಿಸ್‌ನ ಆದೇಶ ಇನ್ನೂ ಸಮುದ್ರದ ಮೇಲಿತ್ತು. ಮೇ 22 ಇವತ್ತಿಗೂ ಅಲ್ಲಿ ರಜಾದಿನ.

ಮಳೆಗಾಲದವರೆ, ನೀವು ಕಾಂಗೋ ತುರಿಮಣೆ ಮಾಡುವವನು ಅಂತ ಬರೆದಿದ್ದೀರಿ. ಸೊಲಿಬೊ ಪಕ್ಕದಲ್ಲಿ ಡೋಲಿನವನು ಇದ್ದ ಅಂತಲೂ ಬರೆದಿದ್ದೀರಿ. ಶಾಮುವಾಜೋ ಬೇಕೆಂದೇ ಜೋಡಿಸಿದರೋ ಇಲ್ಲವೋ, ನಾನು ಹೇಳಲಾರೆ. ಆದರೆ ತುರಿಮಣೆ ಮತ್ತು ಡೋಲು ಒಟ್ಟಿಗೆ ಕಂಡರೆ ಮಾರ್ಟಿನಿಕ್‌ನ ಓದುಗನಿಗೆ 1848 ನೆನಪಾಗದೆ ಇರುತ್ತದೆಯೇ?

ಮಾಸ್ಟರಿಕೆ ಅಭ್ಯಾಸ, ಉದ್ದವಾಯಿತು. ಇನ್ನೊಂದೇ ಮಾತು. ಎದ್ವಾರ್ ಗ್ಲಿಸಾಂ ಅವರ 1964ರ ‘ನಾಲ್ಕನೆಯ ಶತಮಾನ’ ಕಾದಂಬರಿಯಲ್ಲಿ ಎರಡು ವಂಶಗಳಿವೆ. ಲೊಂಗುವೆ ವಂಶದ ಮೂಲಪುರುಷ ಹಡಗಿನಿಂದ ಇಳಿದ ದಿನವೇ ಕಾಡಿಗೆ ಓಡುತ್ತಾನೆ. ಬೆಲೂಸ್ ವಂಶದವನು ತೋಟದಲ್ಲೇ ಉಳಿಯುತ್ತಾನೆ. ಮುಂದೆ ಓಡಿದವನ ವಂಶದ ಮುದುಕ, ಉಳಿದವನ ವಂಶದ ಹುಡುಗ ಮಾತ್ಯೂಗೆ ಕೂತು ಕಥೆ ಹೇಳುತ್ತಾನೆ. ಹುಡುಗ ಶಾಲೆಯಲ್ಲಿ ಓದಿದವನು, ತಾರೀಕು ಕೇಳುತ್ತಾನೆ. ಮುದುಕನ ಹತ್ತಿರ ತಾರೀಕು ಇಲ್ಲ, ಗಾಳಿ ಇದೆ, ಮಣ್ಣಿನ ವಾಸನೆ ಇದೆ. ಬಂದೂಕು ಹಿಡಿದವರು, ಕಥೆ ಹೇಳಿದವರು ಅಂತ ಎರಡು ಜಾತಿ ಮಾಡಬೇಡಿ. ಒಂದೇ ಮನೆಯ ಎರಡು ಕೋಣೆ ಅವು.

ದಾರಿಹೋಕ

ಮೇಷ್ಟ್ರೆ, ರೊಮೇನ್ ವಿಷಯ ನನಗೆ ಗೊತ್ತಿರಲಿಲ್ಲ. ತುಂಬ ಧನ್ಯವಾದ. ‘ಕೂಡಿದ್ದೇ ತಪ್ಪು’ ಅನ್ನುವುದನ್ನು ಒಪ್ಪಿದೆ. ಆದರೆ ಕಾದಂಬರಿಕಾರರು ವೀರ ಮಾಡಿದರು ಅನ್ನುವ ತಕರಾರು ಇನ್ನೂ ಹಾಗೇ ಇದೆ. ಅವರು ಹೇಳುವ ಕಥೆಗಾರ ಯಾವಾಗಲೂ ಗಂಡಸೇ ಯಾಕೆ?

ಸೀನ್ ನದಿ ದಂಡೆ

ಈ ಪ್ರಶ್ನೆಯನ್ನು ಮರೀಸ್ ಕೊಂಡೆ ಅವರಂಥವರೂ ಎತ್ತಿದರು. ಗ್ವಾಡಲೂಪ್ ಎಂಬ ಇನ್ನೊಂದು ಫ್ರೆಂಚ್ ದ್ವೀಪದ ಕಾದಂಬರಿಕಾರ್ತಿ, 2024ರಲ್ಲಿ ತೀರಿಕೊಂಡರು. 1989ರಲ್ಲಿ ಶಾಮುವಾಜೋ, ರಫಾಯೆಲ್ ಕೊಂಫಿಯಾಂ, ಜಾಂ ಬರ್ನಾಬೆ ಮೂವರೂ ಸೇರಿ ಕ್ರಿಯೋಲ್ ತನವನ್ನು ಎತ್ತಿಹಿಡಿಯುವ ಘೋಷಣೆ ಬರೆದರು. ಹೀಗೆಯೇ ಬರೆಯಬೇಕು ಅನ್ನುವ ಧಾಟಿ ಅದರಲ್ಲಿದೆ. ಕೊಂಡೆ ಒಪ್ಪಲಿಲ್ಲ. ನಾನು ಬರೆಯುವುದು ಫ್ರೆಂಚಿನಲ್ಲೂ ಅಲ್ಲ ಕ್ರಿಯೋಲಿನಲ್ಲೂ ಅಲ್ಲ, ಮರೀಸ್ ಕೊಂಡೆಯಲ್ಲಿ ಎಂದರು. ನನಗೆ ಆ ಮಾತು ತುಂಬ ಇಷ್ಟ.

ನಾನು ಪ್ಯಾರಿಸ್‌ಗೆ ಬಂದು ಹದಿನೆಂಟು ವರ್ಷ. ನಮ್ಮ ಆಫೀಸಿನಲ್ಲಿ ಮಾರ್ಟಿನಿಕ್‌ನ ಒಬ್ಬ ಹಿರಿಯರು ಇದ್ದರು. ಆಫೀಸಿನಲ್ಲಿ ಅಚ್ಚುಕಟ್ಟು ಫ್ರೆಂಚ್. ಊಟದ ಬಿಡುವಿನಲ್ಲಿ ಅಮ್ಮನಿಗೆ ಫೋನ್ ಮಾಡಿದರೆ ಮನುಷ್ಯನೇ ಬೇರೆ. ದನಿ ಕೆಳಗಿಳಿಯುತ್ತಿತ್ತು, ಕೈ ಆಡುತ್ತಿತ್ತು. ನಿವೃತ್ತಿಯ ದಿನ ಎಲ್ಲರೂ ಕೂತಿದ್ದಾಗ ಎದ್ದು ನಿಂತು ‘ಯೇ ಕ್ರಿಕ್!’ ಎಂದರು. ನಮಗೆ ಏನು ಮಾಡಬೇಕು ಗೊತ್ತಿಲ್ಲ. ‘ಯೇ ಕ್ರಾಕ್’ ಅನ್ನಬೇಕು ಅಂತ ಕಲಿಸಿದರು. ಮತ್ತೆ ಕೂಗಿದರು. ಮೆಲ್ಲಗೆ ಅಂದೆವು. ಅವರು ಕೂತುಬಿಟ್ಟರು. ‘ಅಂಗಳ ನಿದ್ದೆ ಮಾಡುತ್ತಿದೆ, ಕಥೆ ಇಲ್ಲ’ ಎಂದರು. ಅಂಗಳ ನಿದ್ದೆ ಮಾಡಿತೇ ಅಂತ ಕಥೆಗಾರ ನಡುನಡುವೆ ಕೇಳುವುದು, ಇಲ್ಲ ಇಲ್ಲ ಎಚ್ಚರ ಇದೆ ಅಂತ ಜನ ಕೂಗುವುದು ಅಲ್ಲಿನ ಪದ್ಧತಿ. ಮೂರನೇ ಸಲ ನಾವೆಲ್ಲ ಗಂಟಲು ಕಿತ್ತುಹೋಗುವ ಹಾಗೆ ಕೂಗಿದ ಮೇಲೇ ಕಥೆ ಶುರುವಾದದ್ದು. ನಮ್ಮಜ್ಜಿ ‘ಹೂಂ’ ಅನ್ನದಿದ್ದರೆ ಕಥೆ ನಿಲ್ಲಿಸುತ್ತಿದ್ದದ್ದು ನೆನಪಾಗಿ ಕಣ್ಣು ತುಂಬಿತು ನನಗೆ.

ಒಂದು ವಿಷಯ ಇಲ್ಲಿ ಯಾರೂ ಎತ್ತಲಿಲ್ಲ. ಸೊಲಿಬೊ ಸಾಯುವ ಹೊತ್ತಿಗೆ ಮಾರ್ಟಿನಿಕ್ ಕಾಗದದ ಮೇಲೆ ವಸಾಹತು ಅಲ್ಲ. 1946ರಿಂದ ಅದು ಫ್ರಾನ್ಸಿನದೇ ಒಂದು ಜಿಲ್ಲೆ. ಬುಆಫೆಸ್ ಬಿಳಿಯನಲ್ಲ, ಅದೇ ಊರಿನವನು. ಅವನಿಗೂ ಕ್ರಿಯೋಲ್ ಬರುತ್ತದೆ. ಬೈಯುವಾಗ, ಹೊಡೆಯುವಾಗ ಅದು ಬಾಯಿಗೆ ಬರುತ್ತದೆ. ವಿಚಾರಣೆ ಮಾತ್ರ ಫ್ರೆಂಚಿನಲ್ಲೇ ಆಗಬೇಕು. ಪಿಲೋಂ ಇನ್ನೂ ಸಂಕಟದ ಪಾತ್ರ. ಶಾಲೆಯಲ್ಲಿ ಕ್ರಿಯೋಲ್ ಕಲಿಸಿ ಅಂತ ಅರ್ಜಿಗೆ ಸಹಿ ಹಾಕುತ್ತಾನೆ, ತನ್ನ ಮಕ್ಕಳು ತನ್ನೊಡನೆ ಕ್ರಿಯೋಲ್ ಆಡಿದರೆ ಬೆಚ್ಚಿಬೀಳುತ್ತಾನೆ.

ಇದರ ಬೇರು ಶಾಲೆಯಲ್ಲಿದೆ. ಶಾಮುವಾಜೋ ತಮ್ಮ ಶಾಲೆಯ ದಿನಗಳನ್ನು 1994ರ ಪುಸ್ತಕದಲ್ಲಿ ಬರೆದಿದ್ದಾರೆ. ಕ್ರಿಯೋಲ್ ಪದ ಬಾಯಿಗೆ ಬಂದರೆ ಏಟು. ಅಲ್ಲಿ ಗ್ರೊ-ಲೊಂಬ್ರಿಕ್ ಎಂಬ ಹಳ್ಳಿ ಹುಡುಗ ಇದ್ದಾನೆ. ತರಗತಿಯಲ್ಲಿ ಎಲ್ಲರಿಗಿಂತ ಜಾಸ್ತಿ ಏಟು ತಿನ್ನುವವನು ಅವನೇ, ಆಟದ ಬಿಡುವಿನಲ್ಲಿ ಕಥೆ ಹೇಳಿ ಎಲ್ಲರನ್ನೂ ಸುತ್ತ ಕೂರಿಸಿಕೊಳ್ಳುವವನೂ ಅವನೇ. ಸೊಲಿಬೊನ ಬಾಲ್ಯ ಹೀಗೇ ಇದ್ದಿರಬೇಕು ಅಂತ ನಾನು ಅಂದುಕೊಳ್ಳುತ್ತೇನೆ.

ಜೋಳದರೊಟ್ಟಿ

ದಾರಿಹೋಕ ಅವರ ಪ್ರಶ್ನೆಗೆ ಉತ್ತರ ಇದೆ, ನಾವು ಬೇರೆ ಕಪಾಟು ತೆಗೆಯಬೇಕು ಅಷ್ಟೇ. ಸಿಮೋನ್ ಶ್ವಾರ್ಟ್ಸ್-ಬಾರ್ಟ್ ಅವರ ‘ತೆಲುಮೆ’ ಕಾದಂಬರಿ, 1972. ಮೂವರು ಗಂಡಸರ ಘೋಷಣೆಗಿಂತ 17 ವರ್ಷ ಮೊದಲು ಬಂದದ್ದು.

ಗ್ವಾಡಲೂಪ್‌ನ ಹಳ್ಳಿ. ತೆಲುಮೆಯನ್ನು ಬೆಳೆಸುವುದು ಅಜ್ಜಿ. ಊರು ಅವಳನ್ನು ‘ಹೆಸರಿಲ್ಲದ ರಾಣಿ’ ಎನ್ನುತ್ತದೆ. ಗುರುವಾರ ರಾತ್ರಿ ಅಜ್ಜಿ ಕಥೆ ಹೇಳುತ್ತಾಳೆ. ಒಂದು ಕಥೆಯಲ್ಲಿ ಒಬ್ಬ ಮನುಷ್ಯ ತನ್ನ ಕುದುರೆಯನ್ನು ನಂಬಿ ಲಗಾಮು ಬಿಟ್ಟು ಅಲೆಯುತ್ತಾನೆ. ಕೊನೆಗೆ ಇಳಿಯಬೇಕು ಅನ್ನಿಸಿದಾಗ ಕುದುರೆ ನಿಲ್ಲುವುದಿಲ್ಲ. ದುಃಖ ಅಲೆಯ ಹಿಂದೆ ಅಲೆಯಾಗಿ ಬರುತ್ತದೆ, ಆದರೆ ಕುದುರೆ ನಿನ್ನನ್ನು ಓಡಿಸಬಾರದು, ನೀನು ಕುದುರೆಯನ್ನು ಓಡಿಸಬೇಕು ಎನ್ನುತ್ತಾಳೆ ಅಜ್ಜಿ.

ಆಮೇಲೆ ತೆಲುಮೆ ಬಿಳಿಯರ ಮನೆಗೆ ಕೆಲಸಕ್ಕೆ ಹೋಗುತ್ತಾಳೆ. ಯಜಮಾನಿ ಇಸ್ತ್ರಿ ಮಾಡಿಸುತ್ತಾ, ಗಂಜಿ ಹಾಕಿಸುತ್ತಾ ಅವಳ ಜನರ ಬಗ್ಗೆ ಕೀಳಾಗಿ ಮಾತಾಡುತ್ತಾಳೆ. ಹುಡುಗಿ ಎದುರು ಮಾತಾಡುವುದಿಲ್ಲ. ಅವಳಿಗೆ ಹಿರಿಯ ಹೆಂಗಸೊಬ್ಬಳು ಹೇಳಿಕೊಟ್ಟಿದ್ದಾಳೆ: ಎರಡು ಮುಖದ ಡೋಲಾಗು, ಮೇಲಿನ ಮುಖಕ್ಕೆ ಬದುಕು ಬಡಿಯಲಿ, ಕೆಳಗಿನ ಮುಖ ಮಾತ್ರ ಹಾಗೇ ಉಳಿಸಿಕೋ. ಹುಡುಗಿ ಬಗ್ಗಿ ಬಟ್ಟೆ ತಿಕ್ಕುತ್ತಾಳೆ, ಬೈಗುಳ ಮೇಲಿಂದ ಹರಿದು ಹೋಗುತ್ತದೆ.

ದಾರಿಹೋಕ ಅವರೆ, ಇದು ಸಾಲದು ಅಂತ ನೀವು ಹೇಳಬಹುದು. ಊರು ಹೊತ್ತಿ ಉರಿಯಲಿಲ್ಲ, ಗವರ್ನರ್ ಹೆದರಲಿಲ್ಲ. ಆದರೆ ಆ ಮನೆಯಲ್ಲಿ ಒಬ್ಬ ಹುಡುಗಿ ತನ್ನನ್ನು ತಾನು ಕೀಳು ಅಂದುಕೊಳ್ಳದೆ ಉಳಿದಳು. ನಮ್ಮಮ್ಮ ಮನೆಗೆಲಸ ಮಾಡಿ ನನ್ನನ್ನು ಓದಿಸಿದವಳು. ಅದು ಎಷ್ಟು ದೊಡ್ಡದು ಅಂತ ನನಗೆ ಗೊತ್ತು.

ದಾರಿಹೋಕ

ಇದಕ್ಕೆ ನನ್ನ ಹತ್ತಿರ ಎದುರು ಮಾತಿಲ್ಲ ಅಕ್ಕ. ಪುಸ್ತಕ ತರಿಸಿಕೊಳ್ಳುತ್ತೇನೆ.

ಕಡಲಾಚೆಯ ಕಬ್ಬು

ಫ್ರೆಂಚ್ ದ್ವೀಪಗಳಲ್ಲೇ ನಿಂತಿದ್ದೀರಿ, ಸ್ವಲ್ಪ ದಕ್ಷಿಣಕ್ಕೆ ಬನ್ನಿ. ಟ್ರಿನಿಡಾಡ್.

1917ರಲ್ಲಿ ಬ್ರಿಟಿಷ್ ಸರ್ಕಾರ ಅಲ್ಲಿ ‘ಸ್ಪಿರಿಚುವಲ್ ಬ್ಯಾಪ್ಟಿಸ್ಟ್’ ಜನರ ಪೂಜೆಯನ್ನೇ ನಿಷೇಧಿಸಿತು. ಗಂಟೆ ಬಾರಿಸಿ, ಚಪ್ಪಾಳೆ ತಟ್ಟಿ, ಮೈಮೇಲೆ ಬಂದು ಕೂಗುವ ಪೂಜೆ ಅದು. ನಿಷೇಧ ಹೋದದ್ದು 1951ರಲ್ಲಿ. ಅರ್ಲ್ ಲವ್‌ಲೇಸ್ ಅವರ 1982ರ ಕಾದಂಬರಿ ‘ದ ವೈನ್ ಆಫ್ ಅಸ್ಟಾನಿಷ್‌ಮೆಂಟ್’ ಆ ಕಾಲದ್ದು. ಹೇಳುವವಳು ಈವಾ, ಬೋಧಕ ಬೀ ಎಂಬವನ ಹೆಂಡತಿ. ಇಡೀ ಪುಸ್ತಕ ಅವಳ ಹಳ್ಳಿಯ ಮಾತಿನಲ್ಲಿದೆ. ಬೀ ಮೊದಲು ಕಾನೂನಿಗೆ ತಲೆಬಾಗಿ ಬಿಳಿಯರ ಚರ್ಚಿನ ಹಾಗೆ ತಣ್ಣಗೆ ಪೂಜೆ ಮಾಡಿಸುತ್ತಾನೆ. ಜನರ ಮೈ ಒಣಗುತ್ತದೆ. ಒಂದು ದಿನ ತಡೆಯದೆ ಹಳೆಯ ರೀತಿಗೆ ಮರಳುತ್ತಾನೆ, ಪೊಲೀಸರು ಬೀಳುತ್ತಾರೆ.

ನನಗೆ ನೋವಾಗುವುದು ಕೊನೆಯ ಭಾಗ. ನಿಷೇಧ ಎತ್ತಿದ ಮೇಲೆ ಎಲ್ಲರೂ ಖುಷಿಯಿಂದ ಗಂಟೆ ಬಾರಿಸುತ್ತಾರೆ, ಹಾಡುತ್ತಾರೆ. ದೇವರು ಬರುವುದಿಲ್ಲ. ಅಷ್ಟು ವರ್ಷ ಕಾದಿದ್ದು ಬಾಗಿಲಿಗೆ ಬರುವುದಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಹುಡುಗರು ಉಕ್ಕಿನ ಡ್ರಮ್ಮು ಬಾರಿಸುತ್ತಿರುತ್ತಾರೆ. ಅದೇ ಶಕ್ತಿ ಅಲ್ಲಿ ಕೇಳಿಸುತ್ತದೆ. ಜಾಗ ಬದಲಿಸಿದೆ ಅಷ್ಟೇ. ಕ್ರಿಯೋಲ್ ಕಥೆ ಸತ್ತಿತು ಅಂತ ಅಳುವವರೆಲ್ಲ ಈ ಪುಟಗಳನ್ನು ಓದಬೇಕು.

ಇನ್ನು ನಮ್ಮ ನಂಟಿನ ವಿಷಯ. ಗುಲಾಮಗಿರಿ ಹೋದಮೇಲೆ ತೋಟಗಳಿಗೆ ಆಳು ಬೇಕಾಯಿತು, ಇಂಡಿಯಾದಿಂದ ಕೂಲಿಗಳನ್ನು ಒಯ್ದರು. ಟ್ರಿನಿಡಾಡ್‌ಗೆ ಮೊದಲ ಹಡಗು ಫಾತೆಲ್ ರಜಾಕ್ ಮುಟ್ಟಿದ್ದು 1845ರ ಮೇ 30. ಮಾರ್ಟಿನಿಕ್‌ಗೆ 1853ರಿಂದ, ಹೆಚ್ಚಿನವರು ಪಾಂಡಿಚೇರಿ, ಕಾರೈಕಲ್ ಬಂದರುಗಳಿಂದ. ಹೀಗೆ ಮಾರ್ಟಿನಿಕ್ ಒಂದಕ್ಕೇ ಹೋದವರು 25 ಸಾವಿರಕ್ಕೂ ಹೆಚ್ಚು. ಮಾರಿಯಮ್ಮನನ್ನು ಜೊತೆಗೆ ಕರೆದುಕೊಂಡು ಹೋದರು. ತಮಿಳು ಮನೆಯಿಂದ ನಿಧಾನವಾಗಿ ಹೋಯಿತು, ಕ್ರಿಯೋಲ್ ಬಂತು.

‘ಲೋನ್ಲಿ ಲಂಡನರ್ಸ್’ ಬರೆದ ಸ್ಯಾಮ್ ಸೆಲ್ವನ್ ಅವರ ತಂದೆಯ ಕಡೆಯವರು ಮದ್ರಾಸಿನಿಂದ ಹೋದವರು. ಅವರು ಆ ಕಾದಂಬರಿಯನ್ನು ಮೊದಲು ಶುದ್ಧ ಇಂಗ್ಲಿಷಿನಲ್ಲಿ ಶುರು ಮಾಡಿದರಂತೆ, ಪಾತ್ರಗಳ ಮಾತು ಮಾತ್ರ ಟ್ರಿನಿಡಾಡ್ ಭಾಷೆಯಲ್ಲಿ. ಬರವಣಿಗೆ ಮುಂದೆ ಹೋಗಲೇ ಇಲ್ಲ. ಕಥೆ ಹೇಳುವವನ ದನಿಯನ್ನೂ ಟ್ರಿನಿಡಾಡ್‌ಗೆ ತಿರುಗಿಸಿದ ಮೇಲೆ ಸರಾಗವಾಗಿ ಹರಿಯಿತು. 1956ರಲ್ಲಿ ಪುಸ್ತಕ ಬಂತು. ಅಲ್ಲಿಯವರೆಗೆ ಆ ಭಾಷೆ ಪುಸ್ತಕಗಳಲ್ಲಿ ಹೆಚ್ಚಾಗಿ ಉದ್ಧರಣ ಚಿಹ್ನೆಯ ಒಳಗೇ ಕೂತಿರುತ್ತಿತ್ತು. ಪಾತ್ರ ಹಾಗೆ ಮಾತಾಡುತ್ತದೆ, ಲೇಖಕ ಹಾಗೆ ಮಾತಾಡುವುದಿಲ್ಲ ಅಂತ. ಸೆಲ್ವನ್ ಆ ಬೇಲಿ ಕಿತ್ತರು.

ಮಳೆಗಾಲದ ಓದು

ಎರಡು ದಿನ ಬರಲಾಗಲಿಲ್ಲ, ಬಂದು ನೋಡಿದರೆ ಇಷ್ಟೆಲ್ಲ! ಒಂದೊಂದನ್ನೂ ಎರಡು ಸಲ ಓದಿದೆ.

ಬೇಲಿ ಕೀಳುವ ಮಾತು ಬಂದದ್ದರಿಂದ ಕೇಳುತ್ತೇನೆ. ಕಾಗದದ ಮೇಲೆ ಇಳಿಸಿದ ಕೂಡಲೇ ಸೊಲಿಬೊನ ಮಾತು ಕೂಡ ಮಹಜರು ಆಗುವುದಿಲ್ಲವೇ? ಶಾಮುವಾಜೋ ಆ ಗುಂಪಿನಲ್ಲಿ ತಾವೂ ಕೂತಿದ್ದಾರೆ, ಒಬ್ಬ ಸಾಕ್ಷಿಯಾಗಿ, ಆರೋಪಿಯಾಗಿ. ತಮ್ಮನ್ನು ಲೇಖಕ ಎನ್ನುವುದಿಲ್ಲ, ಮಾತನ್ನು ಗುರುತು ಹಾಕಿಕೊಳ್ಳುವವನು ಎನ್ನುತ್ತಾರೆ. ಸೊಲಿಬೊ ಬದುಕಿದ್ದಾಗ ಅವರಿಗೆ ಹೇಳಿದ್ದ ಮಾತೊಂದಿದೆ. ಬರೆಯುವುದು ಅಂದರೆ ಸಮುದ್ರದಿಂದ ಶಂಖ ತೆಗೆದು ‘ನೋಡಿ ಶಂಖ’ ಎಂದ ಹಾಗೆ. ಆಗ ಮಾತು ಕೇಳುತ್ತದೆ, ‘ಸಮುದ್ರ ಎಲ್ಲಿ?’ ಅಂತ. ಪುಸ್ತಕದ ಕೊನೆಯಲ್ಲಿ ಸೊಲಿಬೊನ ಆ ರಾತ್ರಿಯ ಮಾತುಗಳನ್ನು ಬರೆದು ಕೊಡುತ್ತಾರೆ. ಅದು ಸೊಲಿಬೊ ಅಲ್ಲ, ಸಣ್ಣದೊಂದು ನೆರಳು ಅಂತ ತಾವೇ ಒಪ್ಪಿಕೊಂಡು ಕೊಡುತ್ತಾರೆ.

ಹಳೇ ಸ್ಟೆನೋ

ಒಪ್ಪಿಕೊಂಡು ಕೊಡುವುದರಲ್ಲೇ ವ್ಯತ್ಯಾಸ ಇದೆ ಮೇಡಂ. ಮಹಜರು ‘ಇದಿಷ್ಟೇ ನಡೆದದ್ದು’ ಎನ್ನುತ್ತದೆ. ಅವರು ‘ಇದು ಪೂರ್ತಿ ಅಲ್ಲ’ ಎನ್ನುತ್ತಾರೆ. ನನ್ನ ಮೂವತ್ತು ವರ್ಷದ ಕೆಲಸದಲ್ಲಿ ಆ ಒಂದು ಸಾಲು ಟೈಪ್ ಮಾಡಲು ಯಾರೂ ಹೇಳಲಿಲ್ಲ.

ಇತಿಹಾಸದ ಮೇಷ್ಟ್ರು

ಸ್ಟೆನೋ ಅವರೆ, ನಿಮ್ಮ ಮಾತಿನಿಂದ ‘ತೆಕ್ಸಾಕೊ’ ನೆನಪಾಯಿತು. 1992ರಲ್ಲಿ ಫ್ರಾನ್ಸಿನ ದೊಡ್ಡ ಸಾಹಿತ್ಯ ಪ್ರಶಸ್ತಿಯಾದ ಗೊಂಕೂರ್ ಬಂದ ಕಾದಂಬರಿ, ಅದೂ ಶಾಮುವಾಜೋ ಅವರದೇ. ಎಣ್ಣೆ ಕಂಪನಿಯ ಜಾಗದ ಪಕ್ಕ ಬಡವರು ಗುಡಿಸಲು ಹಾಕಿಕೊಂಡಿದ್ದಾರೆ. ನಗರಸಭೆಯ ಯೋಜಕ ಅದನ್ನು ಕೆಡವುವ ಮೊದಲು ನೋಡಲು ಬರುತ್ತಾನೆ, ಯಾರೋ ಕಲ್ಲು ಹೊಡೆಯುತ್ತಾರೆ. ಅವನನ್ನು ಮುದುಕಿ ಮಾರಿ-ಸೊಫಿ ಮನೆಗೆ ಕರೆದು ರಮ್ ಕೊಟ್ಟು ಕೂರಿಸುತ್ತಾಳೆ. ಗುಲಾಮನಾಗಿ ಹುಟ್ಟಿದ ಅಪ್ಪನಿಂದ ಶುರು ಮಾಡಿ ಎಲ್ಲ ಹೇಳುತ್ತಾಳೆ. ಕೇರಿ ಉಳಿಯುತ್ತದೆ.

ಅಲ್ಲಿ ಒಂದು ಸೊಗಸಾದ ಯೋಚನೆ ಇದೆ. ಮಾರಿ-ಸೊಫಿಯ ನೋಟ್‌ಪುಸ್ತಕಗಳಿಂದ ಆಗಾಗ ಸಾಲು ಕೊಡುತ್ತಾರೆ. ಕೆಳಗೆ ನೋಟ್‌ಪುಸ್ತಕದ ನಂಬರು, ಪುಟ, ವರ್ಷ, ಶೋಲ್ಶೇರ್ ಗ್ರಂಥಾಲಯ ಎಂದು ಬರೆದಿರುತ್ತದೆ. ಗ್ರಂಥಾಲಯ ಫೋರ್-ದ-ಫ್ರಾನ್ಸಿನಲ್ಲಿ ನಿಜವಾಗಿಯೂ ಇದೆ. ನೋಟ್‌ಪುಸ್ತಕ ಕಲ್ಪನೆ. ಸರ್ಕಾರದ ಕಪಾಟಿನಲ್ಲಿ ಆ ಮುದುಕಿಗೆ ಕಾದಂಬರಿಕಾರ ತಾನೇ ಒಂದು ಜಾಗ ಮಾಡಿಕೊಟ್ಟ.

ಅನುವಾದದ ಮೇಜು

ಎಲ್ಲರೂ ಇಷ್ಟು ಹೇಳಿದ ಮೇಲೆ ನನ್ನ ಕಷ್ಟ ಹೇಳಿಕೊಳ್ಳುತ್ತೇನೆ. ‘ಸೊಲಿಬೊ’ದ ಮೊದಲ ಅಧ್ಯಾಯವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಚ್ಚಿಗಲ್ಲ, ನನ್ನ ಆಸೆಗೆ. ಫ್ರೆಂಚಿನಿಂದ ನೇರವಾಗಿ, ನಿಘಂಟು ಪಕ್ಕದಲ್ಲಿಟ್ಟುಕೊಂಡು.

ಪೊಲೀಸರ ಫ್ರೆಂಚ್ ಸುಲಭ. ನಮ್ಮ ಕಚೇರಿ ಕನ್ನಡ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. ‘ಸದರಿ ವ್ಯಕ್ತಿಯು’ ಅಂದರೆ ಸಾಕು. ಕಷ್ಟ ಬಂದಿರುವುದು ಕಾಂಗೋನ ಮಾತಿನಲ್ಲಿ. ಸೊಲಿಬೊ ಹೇಗೆ ಸತ್ತ ಅಂತ ಅವನು ಹೇಳುವ ಒಂದು ಸಾಲು. ಮೊದಲು ನಮ್ಮೂರಿನ ಆಡುಮಾತಿನಲ್ಲಿ ಬರೆದೆ. ಕಾಂಗೋ ನಮ್ಮ ಪಕ್ಕದ ಮನೆಯವನಾಗಿಬಿಟ್ಟ. ಆ ಮುದುಕನ ಹಿಂದೆ ಹಡಗು ಇದೆ, ಕಬ್ಬಿನ ತೋಟ ಇದೆ, ನಮ್ಮೂರಿನ ಮಾತಿಗೆ ಅದು ಇಲ್ಲ. ಆಮೇಲೆ ಹಳಗನ್ನಡದ ಪದ ಸೇರಿಸಿ ನೋಡಿದೆ. ಪಂಡಿತನಾದ. ಅದು ಇನ್ನೂ ಕೆಟ್ಟದ್ದು. ಏನು ಮಾಡಲಿ?

ಜೋಳದರೊಟ್ಟಿ

ಯಾವುದೇ ಊರಿನ ಕನ್ನಡ ಕೊಡಬೇಡಿ ಮೇಡಂ. ಓದುವವರು ಆ ಊರಿನವರನ್ನು ನೋಡಿ ನಗುತ್ತಾರೆ. ಸಿನಿಮಾದಲ್ಲಿ ಉತ್ತರ ಕರ್ನಾಟಕದ ಮಾತು ಏನಾಗಿದೆ ಅಂತ ನಮಗೆ ಗೊತ್ತಲ್ಲ.

ಸೀನ್ ನದಿ ದಂಡೆ

ಹಾಗೇ ಬಿಡಿ. ಅವನು ಆಡಿದ್ದನ್ನೇ ಕನ್ನಡ ಲಿಪಿಯಲ್ಲಿ ಬರೆಯಿರಿ, ಅರ್ಥ ಕೊಡಬೇಡಿ. ಓದುವವರಿಗೆ ತಿಳಿಯುವುದಿಲ್ಲ, ನಿಜ. ಬುಆಫೆಸ್‌ಗೂ ತಿಳಿಯಲಿಲ್ಲ. ಪಿಲೋಂ ಕೊನೆಯಲ್ಲಿ ಅದೇ ಮಾತು ಹೇಳಿದಾಗ ಓದುಗರು ಹಿಂದಕ್ಕೆ ತಿರುಗಿ ಆ ಪುಟ ಹುಡುಕಲಿ.

ಹಳೇ ಸ್ಟೆನೋ

ಸಾಲಿನ ಅಗಲ ಮಾತ್ರ ಕಡಿಮೆ ಮಾಡಬೇಡಿ. ಅರ್ಥವಾಗದ ಮಾತನ್ನು ನಾವು ಮೂರು ಚುಕ್ಕೆ ಹಾಕಿ ಮುಗಿಸುತ್ತಿದ್ದೆವು. ಅವನು ಎಷ್ಟು ಹೇಳಿದನೋ ಅಷ್ಟೂ ಇರಲಿ.

ಅನುವಾದದ ಮೇಜು

ನಿನ್ನೆ ರಾತ್ರಿ ಆ ಪುಟ ಮತ್ತೆ ತೆಗೆದೆ. ಆಡುಮಾತಿನದನ್ನೂ ಅಳಿಸಿದೆ, ಹಳಗನ್ನಡದ್ದನ್ನೂ ಅಳಿಸಿದೆ. ಕಾಂಗೋ ಆಡಿದ್ದನ್ನು ಅಕ್ಷರ ಅಕ್ಷರವಾಗಿ ಕನ್ನಡ ಲಿಪಿಗೆ ಇಳಿಸಿದೆ. ಎರಡು ಕಡೆ ‘ಹ’ ಹಾಕಬೇಕೋ ‘ಅ’ ಹಾಕಬೇಕೋ ಗೊತ್ತಾಗದೆ ಅರ್ಧ ಗಂಟೆ ಬಾಯಲ್ಲಿ ಹೇಳಿ ಹೇಳಿ ನೋಡಿದೆ. ಪಕ್ಕದ ಕೋಣೆಯಿಂದ ಮಗಳು ಎದ್ದು ಬಂದು, ಅಮ್ಮ ಯಾರ ಹತ್ತಿರ ಮಾತಾಡುತ್ತಿದ್ದೀಯಾ ಎಂದಳು. ಸೀನ್ ನದಿಯವರೆ, ನಿಮ್ಮ ಹಳೆಯ ಸಹೋದ್ಯೋಗಿ ಈಗಲೂ ಸಂಪರ್ಕದಲ್ಲಿದ್ದರೆ, ಆ ಒಂದು ಸಾಲನ್ನು ಅವರ ದನಿಯಲ್ಲಿ ಕೇಳಿಸಲು ಆಗುತ್ತದೆಯೇ?